ಆಚೆ ದಡಕ್ಕೆ ಮುಟ್ಟಿದ ಕೂ

ಕುಮಟೆಯ ಡಾಕ್ಟರರ ದವಾಖಾನೆಯ ಜಗಲಿಯಲ್ಲಿ ಎರಡು ಬೆಂಚುಗಳಿದ್ದವು. ಒಂದು ಗೋಡೆಗೆ ತಾಗಿ, ನೆರಳಿನಲ್ಲಿ. ಇನ್ನೊಂದು ಅಂಗಳದ ಅಂಚಿನಲ್ಲಿ, ಗಾಳಿಗೆ. ಯಾರು ಎಲ್ಲಿ ಕೂರಬೇಕೆಂದು ಬರೆದಿರಲಿಲ್ಲ. ಆದರೆ ಹೊಟ್ಟೆನೋವು, ಕುರು, ಚಳಿಜ್ವರದವರು ಗೋಡೆಯ ಬೆಂಚಿಗೆ, ಎದೆಯ ಕಾಯಿಲೆಯವರು ಅಂಗಳದ ಬೆಂಚಿಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೊದಲ ದಿನ ನಾನು ಗೋಡೆಯ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಟೋಪಿಯನ್ನು ಮೊಣಕಾಲ ಮೇಲಿಟ್ಟು ಕೂತೆ. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ನನ್ನ ಬೆಂಚು ಬದಲಾಗಿತ್ತು.

ಈಚೆಗೆ ನಮ್ಮ ಓಣಿಯ ಒಬ್ಬ ಹುಡುಗಿಗೆ ಅದೇ ಕಾಯಿಲೆ ಎಂದು ಡಾಕ್ಟರು ಹೇಳಿದರಂತೆ. ಅವಳು ಗೇಟಿನ ಹೊರಗೇ ನಿಂತು ಕೇಳಿದಳು: "ಅಜ್ಜಾ, ನಿಮಗೂ ಆಗಿತ್ತಂತೆ, ಹೌದಾ? ಮತ್ತೆ ಓಡಿದ್ದು ಹೇಂಗೆ?" ಗೇಟು ತೆಗೆದು ಒಳಗೆ ಕರೆದು ಚಹಾ ಕೊಟ್ಟೆ. ಅರ್ಧ ಮಾತ್ರ ಹೇಳಲು ಆಯಿತು. ಉಳಿದರ್ಧ ಇಲ್ಲಿದೆ.

ನಾನು ಹುಟ್ಟಿದ್ದು ಗಡಿಯ ಆಚೆ, ಪೋರ್ತುಗೀಸರ ಗೋವೆಯ ದಕ್ಷಿಣದ ತುದಿಯಲ್ಲಿ. ಪಾದ್ರಿಗಳ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದೆ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಸುಮ್ಮನಿರುವುದಕ್ಕೂ ಗಂಟೆ. ಗಂಟೆಗೆ ತಪ್ಪಿದವರು ಮೈದಾನ ಸುತ್ತಬೇಕು. ನನಗೆ ಓಟ ಪರಿಚಯವಾದದ್ದು ಹೀಗೆ, ಶಿಕ್ಷೆಯಾಗಿ. ಸುತ್ತುತ್ತ ಸುತ್ತುತ್ತ ನನಗದು ರುಚಿಸಿಬಿಟ್ಟಿತು. ಬೇಕೆಂದೇ ತಡ ಮಾಡತೊಡಗಿದೆ. ಪಾದ್ರಿಗಳಿಗೆ ಇದು ಗೊತ್ತಾದಾಗ ಶಿಕ್ಷೆಯನ್ನು ಬದಲಿಸಿ ಲ್ಯಾಟಿನ್ ಬಾಯಿಪಾಠ ಕೊಟ್ಟರು. ಅಂದಿನಿಂದ ನಾನು ಯಾವ ಕೆಲಸಕ್ಕೂ ತಡ ಮಾಡಿದವನಲ್ಲ.

ಐವತ್ತರ ದಶಕದ ನಡುವೆ, ಗಡಿ ಬಿಗಿಯಾಗಿದ್ದ ಕಾಲದಲ್ಲಿ, ಈಚೆಗೆ ಬಂದೆ. ಕುಮಟೆಯಲ್ಲಿ ಅಮ್ಮನ ಅಕ್ಕ ಇದ್ದಳು. ಮಾವ್ಶಿ ಎಂದು ಕರೆಯುತ್ತಿದ್ದೆ. ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದಳು. ಅವಳ ಮನೆಯಲ್ಲಿದ್ದು ಕನ್ನಡ ಕಲಿತೆ, ಹೊನ್ನಾವರದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾದೆ. ಬೆಳಗಿನ ಜಾವ ಸಮುದ್ರದ ದಂಡೆಯಲ್ಲಿ ಒದ್ದೆ ಮರಳಿನ ಮೇಲೆ ಓಡುತ್ತಿದ್ದೆ. ಬಲೆ ಎಳೆಯುವವರು ಮೊದಮೊದಲು ನನ್ನ ಹಿಂದೆ ಯಾರು ಬರುತ್ತಿದ್ದಾರೆಂದು ನೋಡುತ್ತಿದ್ದರು. ಯಾರೂ ಇಲ್ಲವೆಂದು ತಿಳಿದ ಮೇಲೆ ನನ್ನನ್ನು ಮಂಕನೆಂದು ತೀರ್ಮಾನಿಸಿ ಪ್ರೀತಿಯಿಂದ ಬಂಗಡೆ ಕೊಡತೊಡಗಿದರು.

ತಾಲೂಕು, ಜಿಲ್ಲೆ, ರಾಜ್ಯ, ಹೀಗೆ ಒಂದೊಂದೇ ಮೆಟ್ಟಿಲು ಗೆದ್ದೆ. ದೇಶದ ತಂಡಕ್ಕೆ ಆರಿಸುವಾಗ ಒಬ್ಬ ಅಧಿಕಾರಿ "ನೀವು ಯಾವ ದೇಶದವರು?" ಎಂದು ಕೇಳಿದರು. ಓಡಿಸುವ ಮೊದಲು ಕೇಳಬೇಕಾದದ್ದನ್ನು ಓಡಿಸಿದ ಮೇಲೆ ಕೇಳಿದರು. ಅಷ್ಟರಲ್ಲಿ ನನ್ನ ನಾಗರಿಕತ್ವದ ಕಾಗದ ಬಂದಿತ್ತು. ನೀಲಿ ಬನಿಯನ್ ಕೊಟ್ಟರು. ಕೊಲಂಬೋಗೆ ಹೋಗಿ ಓಡಿ ಮೂರನೆಯವನಾಗಿ ಬಂದೆ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ಮಕ್ಕಳು ಡ್ರಿಲ್ಲಿನ ಸಾಲಿನಲ್ಲಿ ನಿಂತು ಸೆಲ್ಯೂಟ್ ಹೊಡೆದರು. ಸಾಲು ಸ್ವಲ್ಪ ವಕ್ರವಾಗಿತ್ತು. ಅವತ್ತು ತಿದ್ದಲಿಲ್ಲ.

ಅಂದಿನಿಂದ ನನ್ನೊಳಗೆ ಒಂದು ಲೆಕ್ಕಾಚಾರ ಕೂತುಬಿಟ್ಟಿತು. ಈ ದೇಶ ನನ್ನನ್ನು ಇಟ್ಟುಕೊಂಡದ್ದು ನನ್ನ ಓಟಕ್ಕಾಗಿ. ಓಟ ಇರುವತನಕ ನಾನು ಇಲ್ಲಿಯವನು. ಯಾರೂ ಹಾಗೆ ಹೇಳಿರಲಿಲ್ಲ. ನಾನೇ ಹೇಳಿಕೊಂಡದ್ದು.

ಅರವತ್ತೊಂದರ ಮಳೆಗಾಲ ಮುಗಿದಾಗ ಎಡಪಕ್ಕೆಯಲ್ಲಿ ನೋವು ಶುರುವಾಯಿತು. ದೂರ ಓಡುವವರಿಗೆ ಪಕ್ಕೆ ಹಿಡಿಯುವುದು ಹೊಸದಲ್ಲ. ಅದಕ್ಕೆ ನಮ್ಮದೇ ಮದ್ದುಗಳಿವೆ. ಮುಷ್ಟಿಯಿಂದ ಒತ್ತಿ ಹಿಡಿಯುವುದು, ಬಗ್ಗಿ ಓಡುವುದು, ಉಸಿರನ್ನು ತಾಳಕ್ಕೆ ಬಿಡುವುದು. ನಾನು ಮೂರನ್ನೂ ಶಿಸ್ತಾಗಿ ಮಾಡಿದೆ. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಅದಕ್ಕೆ ಬಿಸಿಲು ಕಾರಣ ಎಂದುಕೊಂಡೆ. ಓಟಗಾರನಲ್ಲದ ಯಾವನೇ ಆದರೂ ಎರಡನೇ ವಾರಕ್ಕೆ ಡಾಕ್ಟರರ ಬಳಿ ಹೋಗುತ್ತಿದ್ದ. ನೋವಿನೊಡನೆ ಓಡುವುದನ್ನೇ ಕಲಿತವನಿಗೆ ನೋವು ಏನು ಹೇಳುತ್ತಿದೆ ಎಂದು ಕೇಳುವ ಅಭ್ಯಾಸ ಇರುವುದಿಲ್ಲ.

ಆ ಹೊತ್ತಿಗೆ ಭಟ್ಕಳದಲ್ಲಿ ಒಂದು ರಸ್ತೆ ಓಟ ಇಟ್ಟಿದ್ದರು. ಅಲ್ಲಿಂದ ಹೊರಟು ಶಿರಾಲಿ ದಾಟಿ ಕಾಯ್ಕಿಣಿಯ ತಿರುವಿನಲ್ಲಿ ಕಂಬ ಮುಟ್ಟಿ ವಾಪಸು. ಕಂಬದತನಕ ಹೋದೆ, ಮುಟ್ಟಿದೆ, ತಿರುಗಲು ಆಗಲಿಲ್ಲ. ಯಾರೋ ಎದೆಯೊಳಗೆ ಒದ್ದೆ ಗೋಣಿ ತುರುಕಿದ ಹಾಗೆ. ರಸ್ತೆಯ ಪಕ್ಕ ಕಣದಲ್ಲಿ ಭತ್ತ ತೂರುತ್ತಿದ್ದ ಒಬ್ಬ ಮುದುಕ ಗೆರಸೆ ಕೆಳಗಿಟ್ಟು ಬಂದ.

"ಎಂತ ಆತು ಮಾಸ್ತರೆ?"

"ಉಸಿರು... ಸಿಕ್ತಾ ಇಲ್ಲ."

"ಓಡೂಕೆ ಆಗ್ದಿದ್ರೆ ನಡಿಬಹುದಲ್ಲ. ಯಾರು ಬೆನ್ನಟ್ಕಂಡು ಬಂದಾರೆ?"

ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಟ್ಟ. ಕುಡಿದು, ಹಿಂದಿನಿಂದ ಬಂದ ಎತ್ತಿನ ಗಾಡಿ ಹತ್ತಿ ಭಟ್ಕಳಕ್ಕೆ ಮರಳಿದೆ. ದೇಶದ ಬನಿಯನ್ ತೊಟ್ಟವನು ಹುಲ್ಲಿನ ಹೊರೆಯ ಮೇಲೆ ಕೂತು ಬಂದದ್ದನ್ನು ನೋಡಲು ಜನ ಸೇರಿದ್ದರು.

ಡಾಕ್ಟರರು ಬೆನ್ನಿನ ಮೇಲೆ ಬೆರಳಿಟ್ಟು ಬಡಿದು ನೋಡಿದರು. ಬಲಗಡೆ ಖಾಲಿ ಡಬ್ಬದ ಸದ್ದು. ಎಡಗಡೆ ತುಂಬಿದ ಡಬ್ಬದ ಸದ್ದು. ನನಗೇ ಕೇಳಿಸಿತು.

"ಇಷ್ಟು ದಿನ ಎಂತ ಮಾಡ್ತಾ ಇದ್ರಿ?"

"ಓಡ್ತಾ ಇದ್ದೆ, ಡಾಕ್ಟರೆ."

ಅವರು ಕನ್ನಡಕ ತೆಗೆದು ಒರೆಸಿದರು. "ಇಷ್ಟು ನೀರು ಹೊತ್ಕೊಂಡಾ? ನೀರಿನ ಗಾಡಿಗಾದ್ರೂ ಎತ್ತು ಇರ್ತದೆ."

ಬೆನ್ನಿಗೆ ದೊಡ್ಡ ಸೂಜಿ ಹಾಕಿ ನೀರು ತೆಗೆದರು. ನನಗೆ ತೋರಿಸಬಾರದೆಂದು ಕಂಪೌಂಡರ್ ಬಾಟಲಿಗೆ ಟವೆಲ್ ಸುತ್ತಿದ್ದ. ಟವೆಲ್ ಜಾರಿತು. ಕಷಾಯದ ಬಣ್ಣ. ಆ ರಾತ್ರಿ ಹಲವು ವಾರಗಳಲ್ಲಿ ಮೊದಲ ಬಾರಿಗೆ ಎಡಮಗ್ಗುಲಿಗೆ ಹೊರಳಿ ಮಲಗಿದೆ. ಅಷ್ಟು ಸುಖವಾದ ಹೊರಳನ್ನು ಮತ್ತೆ ಕಂಡಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಎಕ್ಸ್‌-ರೇ ತೆಗೆಸಿಕೊಂಡು ಬಂದೆ. ಡಾಕ್ಟರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಔಷಧ ಇದೆ. ಗುಣ ಆಗ್ತದೆ. ಆದ್ರೆ ವರ್ಷದ ಮೇಲೆ ಬೇಕು" ಎಂದರು. ಕಾಯಿಲೆಯ ಹೆಸರನ್ನು ಮಾತ್ರ ಹೇಳಲಿಲ್ಲ.

ಹೆಸರು ಹೇಳಿದವರು ಅಂಗಳದ ಬೆಂಚಿನ ಹಸನ್ ಸಾಹೇಬರು. ಭಟ್ಕಳದಲ್ಲಿ ಅವರದು ಬಟ್ಟೆ ಅಂಗಡಿ. ನನ್ನ ಹಾಗೆಯೇ ಸೂಜಿಗಾಗಿ ಬರುತ್ತಿದ್ದರು. ಬಸ್ಸು, ಹೊನ್ನಾವರದ ಕಡವಿನಲ್ಲಿ ದೋಣಿ, ಮತ್ತೆ ಬಸ್ಸು. ಆದರೂ ಇಸ್ತ್ರಿಯ ಅಂಗಿ, ಅತ್ತರು.

"ಅರೆ, ಬನ್ನಿ ಬನ್ನಿ ರೇಸಿನ ಮಾಸ್ತರೆ" ಎಂದು ಜಾಗ ಮಾಡಿಕೊಟ್ಟರು. "ಆ ಬೆಂಚಿನವರಿಗೆ ಬರೀ ಹೊಟ್ಟೆನೋವು. ನಮ್ಮದು ದೊಡ್ಡ ಬೀಮಾರಿ, ಹಂಗಾಗಿ ಗಾಳಿ ಬೆಳಕಿನ ಸೀಟು."

"ನನಗೆ ಎದೆಯಲ್ಲಿ ಸ್ವಲ್ಪ ನೀರು, ಅಷ್ಟೇ" ಎಂದೆ.

"ಟೀಬಿ ಅಂತ ಬಾಯಿಬಿಟ್ಟು ಹೇಳಿ ಮಾರಾಯರೆ. ಹೇಳಿದ್ರೆ ಅದು ಓಡಿ ಬರ್ತದಾ? ಬಂದು ಕೂತು ಆಗಿದೆಯಲ್ಲ!"

ಗೋಡೆಯ ಬೆಂಚಿನ ಹೆಂಗಸೊಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಸಾಹೇಬರು ಅವಳಿಗೆ ಸಲಾಮು ಮಾಡಿದರು. ನನಗೆ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ನಕ್ಕೆ. ಭಟ್ಕಳದ ಓಟದಲ್ಲಿ ಅವರು ನನ್ನ ಮೇಲೆ ಪಂಥ ಕಟ್ಟಿದ್ದರಂತೆ. "ನೀವು ಹುಲ್ಲುಗಾಡಿಯಲ್ಲಿ ಬಂದ್ರಿ. ಒಂದು ಬಿರಿಯಾನಿ ಹೋಯ್ತು. ಗುಣ ಆಗಿ ವಾಪಸು ಕೊಡಿಸಬೇಕು."

ಮಾವ್ಶಿ ಬೇರೆ ತರಹ. ಮನೆಗೆ ಹೋದಾಗ ನನ್ನ ತಟ್ಟೆ, ಲೋಟ, ಚಮಚ ಪ್ರತ್ಯೇಕವಾಗಿ ಕಿಟಕಿಯ ಹಲಗೆಯ ಮೇಲೆ ಕೂತಿದ್ದವು. ತಟ್ಟೆಯ ಅಂಚಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿದ್ದಳು, ರವಿಕೆ ಹೊಲಿಯುವ ದಾರ. ಡಾಕ್ಟರರು ಕಫ ಪರೀಕ್ಷೆ ಮಾಡಿ, ನನ್ನಿಂದ ಯಾರಿಗೂ ಅಂಟುವ ಹೆದರಿಕೆಯಿಲ್ಲ ಎಂದಿದ್ದರು. ಅದನ್ನು ಹೇಳಿದೆ. "ಡಾಕ್ಟರರು ಹೇಳಲಿ ಪುತಾ, ಆದರೂ ಇರಲಿ" ಎಂದು ಕೊಂಕಣಿಯಲ್ಲಿ ಹೇಳಿ ಅಳುತ್ತ ಮೊಟ್ಟೆ ಒಡೆದು ಹಾಲಿಗೆ ಹಾಕಿದಳು. ಅವಳಿಗೆ ನನ್ನ ಮೇಲೆ ಪ್ರೀತಿಯೂ ಇತ್ತು, ಕಾಯಿಲೆಯ ಮೇಲೆ ಭಯವೂ ಇತ್ತು. ಎರಡನ್ನೂ ಒಂದೇ ಲೋಟದಲ್ಲಿ ಕದಡಿ ಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ವಿಶ್ರಾಂತಿ ಎಂದರೆ ಸೂಜಿಗೆ ಹೋಗುವುದು ಬಿಟ್ಟು ಹಾಸಿಗೆಯಿಂದ ಏಳಬಾರದು ಎಂದಿದ್ದರು. ಶಿಸ್ತಿನವನಿಗೆ ಅದೂ ಒಂದು ಕೆಲಸವೇ. ಕಾಲು ಜೋಡಿಸಿ, ಕೈ ಪಕ್ಕಕ್ಕಿಟ್ಟು ಮಲಗುತ್ತಿದ್ದೆ. "ಹೆಣದ ಹಾಗೆ ಮಲಗಬೇಡವೋ, ನೆರೆಯವರು ನೋಡಿದರೆ ಪಾದ್ರಿಯನ್ನು ಕರೆಸುತ್ತಾರೆ" ಎಂದು ಮಾವ್ಶಿ ಬೈಯುತ್ತಿದ್ದಳು. ಮಾತ್ರೆಗಳು ಬಾಯಿ ತುಂಬುವಷ್ಟು ದೊಡ್ಡವು, ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತು. ಸೂಜಿಮದ್ದಿನಿಂದ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಆಗುತ್ತಿತ್ತು. ಹೆದರಿಕೆ ಹಗಲೇ ಬರುತ್ತಿತ್ತು, ಮಧ್ಯಾಹ್ನ ಹೊಲಿಗೆ ಯಂತ್ರ ನಿಂತು ಮನೆ ನಿಶ್ಶಬ್ದವಾದಾಗ. ಸಾಯುತ್ತೇನೆ ಎಂಬುದಲ್ಲ. ಉಸಿರಿಲ್ಲದ ನನ್ನನ್ನು ಈ ಊರು ಏನು ಮಾಡೀತು ಎಂಬುದು.

ಹೀಗೆ ಮಲಗಿದ್ದಾಗಲೇ ಗೋವೆಯಲ್ಲಿ ಆಡಳಿತ ಬದಲಾಯಿತು. ಪೋರ್ತುಗೀಸರು ಹೋದರು, ಗಡಿ ಇಲ್ಲದಾಯಿತು. ನನ್ನ ಹುಟ್ಟೂರು ನನ್ನ ಹಿಂದೆಯೇ ಬಂದು ಅದೇ ದೇಶಕ್ಕೆ ಸೇರಿತು. ಆ ಒಂದು ಓಟದಲ್ಲಿ ಮಾತ್ರ ನಾನು ನನ್ನ ಇಡೀ ಊರಿಗಿಂತ ಮುಂದಿದ್ದೆ.

ಅಮ್ಮ ಬಂದಳು. ಎಷ್ಟೋ ವರ್ಷಗಳ ಮೇಲೆ. ಕೈಯಲ್ಲಿ ದೊದೊಲ, ಅಕ್ಕಿಹಿಟ್ಟು ಬೆಲ್ಲ ತೆಂಗಿನಹಾಲು ಕಾಯಿಸಿ ಮಾಡುವ ನಮ್ಮ ಸಿಹಿ. ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, ಕೆಂಪು ದಾರದ ತಟ್ಟೆಯನ್ನು ನೋಡಿ, ಅದರಲ್ಲೇ ದೊದೊಲ ತುಂಡು ಮಾಡಿ ನನಗೊಂದು ತನಗೊಂದು ಎಂದು ತಿಂದಳು. ಆಮೇಲೆ ಅಂದಳು: "ಮನೆಗೆ ಹೋಗೋಣ ಪುತಾ. ಈಗ ಗಡಿಯೂ ಇಲ್ಲ. ಓಡುವುದಕ್ಕೆ ಆಗದ ಮೇಲೆ ಇಲ್ಲಿ ನಿನಗೆ ಯಾರಿದ್ದಾರೆ?"

ನಾನು ಒಳಗೊಳಗೇ ಕೇಳಿಕೊಳ್ಳುತ್ತಿದ್ದುದನ್ನು ಅವಳು ಎದುರಿಗೇ ಕೇಳಿದಳು. "ಸೂಜಿ ಮುಗಿಯಲಿ" ಎಂದೆ. ಉತ್ತರ ಗೊತ್ತಿಲ್ಲದಿದ್ದಾಗ ಔಷಧದ ನೆಪ ಬಹಳ ಅನುಕೂಲ.

ಬೇಸಿಗೆಗೆ ಡಾಕ್ಟರರು ಎದ್ದು ಓಡಾಡಲು ಒಪ್ಪಿಗೆ ಕೊಟ್ಟರು. ಪೇಟೆಯ ಧೂಳು ಬೇಡ, ಸಮುದ್ರದ ಗಾಳಿ ಇರುವಲ್ಲಿಗೆ ಹೋಗಿ ಎಂದರು. ಜೊತೆಗೆ, "ಆ ಎಡಗಡೆಯದು ಮುದುರಿ ಕೂತಿದೆ. ಅರಳಬೇಕು. ದಿನಾ ಎಂತಾದ್ರೂ ಊದಿ. ಕೊಳಲು, ಪುಗ್ಗೆ, ಎಂತದಾದ್ರೂ ಸೈ."

ಮಾವ್ಶಿಯ ಮನೆಗೆ ಬೆಳಚು, ಅಂದರೆ ಚಿಪ್ಪುಮೀನು, ಮಾರಲು ಬರುತ್ತಿದ್ದ ಗಂಗಕ್ಕ ಬಾಗಿಲಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳದು ಹೊಳೆಯ ಹೆಸರಿನದೇ ಊರು, ಅಘನಾಶಿನಿ. ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಬೆಳಚಿನ ಚಿಪ್ಪು ಆರಿಸಿ, ಬುಟ್ಟಿ ಹೊತ್ತು ಕುಮಟೆಗೆ ಬರುವವಳು.

"ನಮ್ಮನೆಗೆ ಕಳ್ಸಿ ಬಾಯಮ್ಮ" ಅಂದಳು. "ನಾನು, ನಮ್ಮನೆಯವ್ರು, ಇಬ್ರೇ. ಗಾಳಿ ಬೇಕಾದಷ್ಟು ಇದೆ, ಅದಕೆಂತ ದುಡ್ಡಾ?"

ಮಾವ್ಶಿ ತಟ್ಟೆ ಲೋಟವನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಗಂಗಕ್ಕ ಮನೆಗೆ ಹೋದವಳೇ ಗಂಟು ಬಿಚ್ಚಿ, ಕೆಂಪು ದಾರವನ್ನು ಹಲ್ಲಿನಿಂದ ಕಡಿದು, ತಟ್ಟೆಯನ್ನು ತನ್ನ ತಟ್ಟೆಗಳ ಜೊತೆಗೆ ಬೋರಲು ಹಾಕಿದಳು.

"ಗಂಗಕ್ಕ, ಅದು ನನ್ನದು, ಬೇರೆ ಇಡಬೇಕು" ಎಂದೆ.

"ಡಾಕ್ಟರು ಅಂಟೂದಿಲ್ಲ ಅಂದ್ರಾ, ಅಂಟ್ತದೆ ಅಂದ್ರಾ?"

"ಅಂಟೂದಿಲ್ಲ ಅಂದ್ರು."

"ಆತು ಹಂಗಾರೆ. ನಮ್ಮನೇಲಿ ತಟ್ಟೆನೇ ಕಮ್ಮಿ ಇತ್ತು. ನೀ ಒಂದು ತಂದದ್ದು ಚೊಲೋ ಆತು ತಮಾ."

ತಟ್ಟೆಗಳು ಒಂದಾದ ಆ ಸದ್ದು ಈಗಲೂ ಕಿವಿಯಲ್ಲಿದೆ, ಜೀರುಂಡೆಯ ಸದ್ದಿನ ಆಚೆಗೂ.

ಸೂಜಿಯ ವ್ಯವಸ್ಥೆ ಆಚೆ ದಡದ ತದಡಿಯಲ್ಲಿ. ನಿವೃತ್ತರಾದ ಒಬ್ಬರು ನರ್ಸ್‌ಬಾಯಿ ಅಲ್ಲಿದ್ದರು. ಹಾಗಾಗಿ ವಾರಕ್ಕೆರಡು ಸಲ ಹೊಳೆ ದಾಟಬೇಕು. ದೋಣಿಯ ಬೊಮ್ಮಯ್ಯನ ಮನೆಯೂ ಆಚೆ ದಡದಲ್ಲೇ. ನಮ್ಮ ಕಡೆ ಹೊಳೆ ದಾಟುವವರು ದೋಣಿಯವನನ್ನು ಕೂ ಹಾಕಿ ಕರೆಯುತ್ತಾರೆ. ಮಾತಿಲ್ಲದ, ಉದ್ದನೆಯ, ಕೊನೆಗೆ ಕೊಂಚ ಮೇಲಕ್ಕೇಳುವ ಕೂಗು. ನನ್ನ ಹುಟ್ಟೂರಿನ ಹೊಳೆ ಸಣ್ಣದು, ಅಲ್ಲಿ ದೋಣಿಯವನ ಹೆಸರು ಹಿಡಿದು ಕರೆದರೆ ಸಾಕಿತ್ತು. ಇಲ್ಲಿ ಹೊಳೆ ಸಮುದ್ರ ಸೇರುವ ಜಾಗ. ಹೆಸರು ಅರ್ಧಕ್ಕೇ ನೀರಿಗೆ ಬೀಳುತ್ತದೆ.

ಮೊದಲ ದಿನ ಕೈಗಳನ್ನು ಬಾಯಿಗೆ ಹಿಡಿದು ಕೂ ಹಾಕಿದೆ. ಆಚೆ ದಡದಲ್ಲಿ ಬೊಮ್ಮಯ್ಯ ಬಲೆ ಹೊಲಿಯುತ್ತ ಕೂತದ್ದು ಕಾಣುತ್ತಿತ್ತು. ತಲೆ ಎತ್ತಲಿಲ್ಲ. ಮತ್ತೆ ಹಾಕಿದೆ. ಕೆಮ್ಮು ಬಂದು ಬಗ್ಗಿದೆ. ಕೆಸರಿನಲ್ಲಿದ್ದ ಬೆಳಚಿನ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದರು. ಗಂಗಕ್ಕ ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆಯೇ ಒಂದು ಕೂ ಹಾಕಿದಳು. ಬೊಮ್ಮಯ್ಯ ಎದ್ದು ದೋಣಿ ಬಿಚ್ಚಿದ.

"ಹೊಟ್ಟೆಯಿಂದ ಬರ್ಬೇಕು ತಮಾ" ಎಂದಳು. "ನಿಂದು ಗಂಟ್ಲಲ್ಲೇ ಕೂತು ಬೀಡಿ ಸೇದ್ತಾ ಇದೆ."

ದೋಣಿಯಲ್ಲಿ ಬೊಮ್ಮಯ್ಯನಿಗೆ ಕೇಳಿದೆ, "ನಾನು ಕರೆದದ್ದು ಕೇಳಲಿಲ್ವಾ?"

"ನೀವು ಕರ್ದ್ರಾ? ನಮ್ಮನೆ ಬೆಕ್ಕು ಮೀನು ಕೇಳೂಕೆ ಹಂಗೇ ಕೂಗ್ತದೆ. ಮೀನು ಇಲ್ಲ ಹೋಗು ಅಂದೆ."

ದೋಣಿ ತೂಗುತ್ತಿದೆಯೋ ಸೂಜಿಮದ್ದಿಗೆ ನನ್ನ ತಲೆ ತೂಗುತ್ತಿದೆಯೋ ಗೊತ್ತಾಗದೆ ಅಂಚು ಹಿಡಿದು ಕೂತೆ. ಕೊಳಲೂ ಬೇಡ, ಪುಗ್ಗೆಯೂ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಊದಬೇಕಾದದ್ದು ಸಿಕ್ಕಿತ್ತು.

ಬೆಳಿಗ್ಗೆ ಎದ್ದು ಮುಖ ತೊಳೆದು, ಹಾಸಿಗೆ ಮಡಚಿ, ದಂಡೆಗೆ ಹೋಗಿ ಕೂ ಹಾಕುವುದು ನನ್ನ ಡ್ರಿಲ್ ಆಯಿತು. ಆಮೇಲೆ ಬೆಳಚಿನ ಹೆಂಗಸರ ಹಿಂದೆ ಕೆಸರಿನಲ್ಲಿ ನಡೆಯುವುದು. ಓಡಿ ಪದಕ ಗಳಿಸಿದವನನ್ನು ಆ ಮುದುಕಿಯರು ಬುಟ್ಟಿ ಹೊತ್ತೇ ಹಿಂದೆ ಹಾಕುತ್ತಿದ್ದರು. "ಮಾಸ್ತರೆ, ಹೊತ್ಕಂಡು ಹೋಗ್ಬೇಕಾ?" ಎಂದು ಒಬ್ಬಳು, "ಬುಟ್ಟಿ ತುಂಬಿದೆ, ನಾಳೆ ಹೊರ್ತೆ" ಎಂದು ಇನ್ನೊಬ್ಬಳು. ಸಂಜೆ ಗಂಗಕ್ಕ ಬೆಳಚಿನ ಸಾರು, ಕುಚ್ಚಲಕ್ಕಿ ಗಂಜಿ ಬಡಿಸುತ್ತಿದ್ದಳು. ಯಾವ ತಟ್ಟೆ ನನ್ನದೆಂದು ಒಂದೇ ವಾರದಲ್ಲಿ ನನಗೇ ಗುರುತು ಸಿಗದಾಯಿತು.

ಕೂ ಮಾತ್ರ ಹಟಮಾರಿ. ಮೊದಲು ಬೆಳಚಿನ ಹೆಂಗಸರತನಕ ಹೋಯಿತು. ಆಮೇಲೆ ಹೊಳೆ ಮಧ್ಯದ ಮರಳದಿಣ್ಣೆಯ ಹಕ್ಕಿಗಳು ಎದ್ದವು. ಬೊಮ್ಮಯ್ಯ ಮಾತ್ರ ಏಳಲಿಲ್ಲ. ಮಳೆಗಾಲಕ್ಕೆ ಕುಮಟೆಗೆ ಮರಳಿ, ಮಳೆ ನಿಂತ ಕೂಡಲೇ ಮತ್ತೆ ಅಘನಾಶಿನಿಗೆ ಬಂದೆ. ಬಂದ ಕೆಲವು ದಿನಗಳಲ್ಲಿ, ಗಾಳಿ ಇಲ್ಲದ ಒಂದು ಬೆಳಿಗ್ಗೆ, ಬೊಮ್ಮಯ್ಯ ತಲೆ ಎತ್ತಿ ನೋಡಿದ. ದೋಣಿ ಬಿಚ್ಚಿ ಬಂದು, "ಗಂಗಕ್ಕ ಎಲ್ಲಿ?" ಎಂದು ಕೇಳಿದ. ಕೂ ಹಾಕಿದ್ದು ನಾನೇ ಎಂದಾಗ ನಂಬಲಿಲ್ಲ. "ಹೌದಾ? ಆದ್ರೂ ಹೊರಗಿನವ್ರ ಕೂ. ಕೊನೆ ಸರಿ ಏಳೂದಿಲ್ಲ" ಎಂದ.

ಮಾತು ತಮಾಷೆಯದು. ನನಗೆ ಮಾತ್ರ ನೆಟ್ಟಗೆ ನಟ್ಟಿತು. ಕೊನೆ ಏಳಬೇಕಾದರೆ ಕೊನೆಯಲ್ಲಿ ಉಸಿರು ಉಳಿದಿರಬೇಕು. ದೂರದ ಓಟಕ್ಕೂ ಅದೇ ಬೇಕು.

ಮರಳಿನ ಮೇಲೆ ಮೊದಲು ನಡೆದೆ, ಆಮೇಲೆ ಮೆಲ್ಲಗೆ ಓಡಿದೆ. ಔಷಧ ಮುಗಿಯುತ್ತ ಬಂದಾಗ ಎಕ್ಸ್‌-ರೇ ಮತ್ತೆ ಕಿಟಕಿಗೆ ಏರಿತು. ಆ ಹೊತ್ತಿಗೆ ದೇಶದ ತಂಡಕ್ಕೆ ಕರೆ ಬಂದಿತ್ತು, ಮತ್ತೆ ಕೊಲಂಬೋಗೆ. ಡಾಕ್ಟರರು ಒಪ್ಪಿಗೆ ಬರೆದುಕೊಟ್ಟರೆ ಮಾತ್ರ ಶಿಬಿರಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಡಾಕ್ಟರರು ಪೆನ್ನು ತೆಗೆದು ಮತ್ತೆ ಜೇಬಿಗೆ ಹಾಕಿದರು. "ಚಿತ್ರ ಚೊಕ್ಕ ಇದೆ. ನಡೀರಿ, ಪಾಠ ಮಾಡಿ, ಮದುವೆ ಆಗಿ. ಆದ್ರೆ ಅಷ್ಟು ದೂರ ಓಡೂಕೆ ಬರೆದುಕೊಡಲಿಕ್ಕೆ ಧೈರ್ಯ ಬರ್ತಾ ಇಲ್ಲ. ಯೋಚನೆ ಮಾಡ್ತೆ."

ಬಸ್ಸಿನಲ್ಲಿ ಅಮ್ಮನ ಮಾತು ನೆನಪಾಯಿತು. ಅಂಗಳದ ಬೆಂಚಿನಲ್ಲಿ ಹಸನ್ ಸಾಹೇಬರು ಅವತ್ತು ಹೇಳಿದ್ದೂ ನೆನಪಾಯಿತು: "ಬರೆಯದಿದ್ರೆ ನನ್ನ ಅಂಗ್ಡಿಗೆ ಬನ್ನಿ, ಬಟ್ಟೆ ಅಳೀರಿ. ಬಿರಿಯಾನಿ ಮಾಫ್." ಅವರ ಔಷಧ ಆಗಲೇ ಮುಗಿದಿತ್ತು. ಆದರೂ ನನಗೆ ಕಂಪನಿ ಕೊಡಲು ಬಂದಿದ್ದರು.

ಮುಂದಿನ ಭಾನುವಾರ ಡಾಕ್ಟರರೇ ಅಘನಾಶಿನಿಯ ದಂಡೆಗೆ ಬಂದರು. ನನಗಾಗಿ ಅಲ್ಲ. ಹೆಂಡತಿಯೊಡನೆ ಹೊಳೆ ದಾಟಿ ಗೋಕರ್ಣಕ್ಕೆ ಪೂಜೆಗೆ ಹೊರಟಿದ್ದರು. ಮಡಿಪಂಚೆ, ಕೈಯಲ್ಲಿ ಹಣ್ಣುಕಾಯಿ. ದೋಣಿ ಆಚೆ ದಡದಲ್ಲಿತ್ತು. ಸಮುದ್ರದ ಗಾಳಿ ಎದುರಿಗೆ ಬೀಸುತ್ತಿತ್ತು. ನಾನು ಓಡಿ ಮುಗಿಸಿ ಅಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದೆ.

ಡಾಕ್ಟರರು ಹೆಂಡತಿಯ ಎದುರು ಹುರುಪಿನಿಂದ ಒಂದು ಕೂ ಹಾಕಿದರು. ದಂಡೆಯಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

"ನಿಮ್ಮ ಕೂಗಿಗೆ ನಮ್ಮನೆ ಆಳೇ ಬತ್ತಿಲ್ಲೆ" ಎಂದರು ಅವರ ಹೆಂಡತಿ, "ಹೊಳೆ ಆಚೆಯವ ಬತ್ನಾ?"

"ನಾನು ಹಾಕಲೇ?" ಎಂದೆ.

ಕಾಲು ಅಗಲಿಸಿ ನಿಂತೆ. ಹೊಟ್ಟೆಯಿಂದ ಎತ್ತಿದೆ. ಎಡಪಕ್ಕೆ ಬಿಗಿಯಿತು, ಆಮೇಲೆ ಬಿಟ್ಟುಕೊಟ್ಟಿತು. ಕೂ ಗಾಳಿಯ ಕೆಳಗೆ ನುಸುಳಿ ನೀರಿನ ಮೇಲೆ ಹೋಯಿತು. ಕೊನೆಯಲ್ಲಿ ಇನ್ನೂ ಉಸಿರಿತ್ತು. ಎತ್ತಿದೆ, ಎದ್ದಿತು. ಆಚೆ ದಡದಲ್ಲಿ ಒಂದು ಸಣ್ಣ ಆಕೃತಿ ಎದ್ದು ನಿಂತು ದೋಣಿಯನ್ನು ನೀರಿಗೆ ತಳ್ಳಿತು.

ಡಾಕ್ಟರರು ದೋಣಿ ನೋಡಲಿಲ್ಲ. ನನ್ನನ್ನು ನೋಡಿದರು. ಹಣ್ಣುಕಾಯಿಯ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, ನನ್ನನ್ನು ತಿರುಗಿಸಿ, ಬೆವರಿದ ಬೆನ್ನಿಗೆ ಕಿವಿ ಇಟ್ಟರು.

"ಅಯ್ಯೋ ರಾಮಾ, ಮಡಿ! ಗೋಕರ್ಣಕ್ಕೆ ಹೊರಟವ್ರು ಇದೆಂತ ಮಾಡ್ತಾ ಇದ್ರಿ?"

"ಸುಮ್ನಿರೆ. ಮಾಸ್ತರೆ, ಇನ್ನೊಂದು ಸಲ ಹಾಕಿ."

ಹಾಕಿದೆ. ಹೊಳೆಯ ಮಧ್ಯದಿಂದ ಬೊಮ್ಮಯ್ಯ ಕೂಗಿದ: "ಬಂದೆ ಬಂದೆ! ನಂಗೆ ಕಿವಿ ಕೇಳ್ತದೆ ಮಾರಾಯ್ರೆ!"

ಡಾಕ್ಟರರು ಬೆನ್ನಿನ ಮೇಲೆ ಬೆರಳಿಟ್ಟು ಬಡಿದರು, ಮೊದಲು ಬಲಗಡೆ, ಆಮೇಲೆ ಎಡಗಡೆ. ಎರಡೂ ಖಾಲಿ ಡಬ್ಬದ ಸದ್ದು. ನನಗೂ ಕೇಳಿಸಿತು.

"ಸೋಮವಾರ ದವಾಖಾನೆಗೆ ಬನ್ನಿ, ಬರೆದುಕೊಡ್ತೆ" ಎಂದರು. "ಈಗ ಹೊಳೆಯಲ್ಲೇ ಮುಳುಗೆದ್ದು ಮಡಿ ಆಗಬೇಕು, ಇಲ್ಲದಿದ್ರೆ ನನ್ನ ಗತಿ ನೋಡಿದ್ರಲ್ಲ."

ಎರಡನೆಯ ಸಲ ಕೊಲಂಬೋದಲ್ಲಿ ನಾನು ಆರನೆಯವನಾಗಿ ಬಂದೆ. ಮೊದಲಿನ ಸಲ ಮೂರನೆಯ ಸ್ಥಾನ ಸಿಕ್ಕಾಗ ಎರಡನೆಯವನ ಬೆನ್ನು ನೋಡಿ ಹಲ್ಲು ಕಚ್ಚಿದ್ದೆ. ಈ ಸಲ ಐದು ಬೆನ್ನುಗಳನ್ನು ನೋಡುತ್ತ ಓಡಿದೆ, ಹಲ್ಲು ಬಿಟ್ಟುಕೊಂಡು. ಕೊನೆಯ ಸುತ್ತಿನಲ್ಲಿ ಉಸಿರು ಉಳಿದಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಆ ದಿನ ನನ್ನ ಮಟ್ಟಿಗೆ ಇರಲಿಲ್ಲ. ಆಮೇಲೂ ಕೆಲವು ವರ್ಷ ಆ ನೀಲಿ ಬನಿಯನ್ ತೊಟ್ಟೆ. ಹಸನ್ ಸಾಹೇಬರು ಪಂಥ ಕಟ್ಟುವುದನ್ನು ಬಿಟ್ಟು, ಪ್ರತಿ ಸಲ ಸೋತರೂ ಗೆದ್ದರೂ ಬಿರಿಯಾನಿ ತಿನ್ನಿಸಿದರು.

ನಮ್ಮ ಓಣಿಯ ಹುಡುಗಿಗೆ ನಾನು ಹೇಳುವುದು ಇಷ್ಟೇ. ಮಾತ್ರೆ ತಪ್ಪಿಸಬೇಡ. ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳು. ಗಾಳಿ ಬರುವ ಬೆಂಚಿನಲ್ಲಿ ಕೂತುಕೋ, ಅಲ್ಲಿ ಒಳ್ಳೆಯ ಜನ ಸಿಗುತ್ತಾರೆ. ನಿನ್ನ ತಟ್ಟೆಯ ದಾರ ಕಡಿಯುವವರು ಒಬ್ಬರಾದರೂ ಬಂದೇ ಬರುತ್ತಾರೆ. ಬರುವುದು ತಡವಾದರೆ ನಮ್ಮ ಮನೆಗೆ ಬಾ.

ಕೊಲಂಬೋದಿಂದ ಬಂದ ವಾರ ಅಮ್ಮ ಮತ್ತೆ ಬಂದಿದ್ದಳು, ದೊದೊಲದ ಡಬ್ಬದ ಜೊತೆಗೆ. ನನ್ನನ್ನು ಕರೆದುಕೊಂಡೇ ಹೋಗುವುದೆಂದು ಹೊರಟು ಬಂದವಳು. ಅವಳನ್ನು ಅಘನಾಶಿನಿಗೆ ಕರೆದೊಯ್ದೆ. ತದಡಿಯ ನರ್ಸ್‌ಬಾಯಿಗೆ ಸಿಲೋನಿನ ಚಹಾಪುಡಿ ಕೊಡಬೇಕಿತ್ತು. ದಂಡೆಯಲ್ಲಿ ನಿಂತು ಕೂ ಹಾಕಿದೆ. ಬೊಮ್ಮಯ್ಯ ಬಂದ.

"ಎಷ್ಟನೇ ನಂಬರು ಬಂತು ಮಾಸ್ತರೆ?"

"ಆರನೇದು."

"ಎಷ್ಟು ಜನ ಓಡಿದ್ರು?"

"ಎಂಟು."

"ಇಬ್ರು ಹಿಂದೆ ಇದ್ರಲ್ಲ! ಸಾಕು ಬಿಡಿ."

ಅಮ್ಮನಿಗೆ ಕನ್ನಡ ಬಾರದು. ಬೊಮ್ಮಯ್ಯನಿಗೆ ಕೊಂಕಣಿ ನೀರು ಕುಡಿದಷ್ಟು ಸಲೀಸು. ದೋಣಿ ಹೊಳೆಯ ಮಧ್ಯ ಬಂದಾಗ ಅವಳು ಅವನನ್ನು ಕೇಳಿದಳು: "ಇಷ್ಟು ದೂರದಿಂದ ನನ್ನ ಮಗನೇ ಎಂದು ನಿನಗೆ ಹೇಗೆ ಗೊತ್ತಾಯಿತು?"

"ಮಗ ಅಂತ ಗೊತ್ತಾಗ್ಲಿಲ್ಲ ಬಾಯಿ" ಎಂದು ಬೊಮ್ಮಯ್ಯ ಹುಟ್ಟು ಹಾಕುತ್ತಲೇ ಅವಳ ಮಾತಿನಲ್ಲೇ ಹೇಳಿದ. "ಮೊದಲಾದರೆ ಗೋವೆಯವ ಅಂತ ಗೊತ್ತಾಗುತ್ತಿತ್ತು. ಈಗ ಕೂ ಕೇಳಿದರೆ ಅಘನಾಶಿನಿಯವರು ಯಾರೋ ಅಂತ ಅಷ್ಟೇ. ಹತ್ತಿರ ಬಂದ ಮೇಲೆ ಮುಖ ನೋಡಬೇಕು."

ಅಮ್ಮ ಆಚೆ ದಡದ ತನಕ ಕೈಯನ್ನು ನೀರಿಗೆ ಬಿಟ್ಟುಕೊಂಡು ಕೂತಿದ್ದಳು. ದೋಣಿ ಮರಳಿಗೆ ತಾಗಿದಾಗ ಸೀರೆ ಎತ್ತಿಕಟ್ಟಿ, ದೊದೊಲದ ಡಬ್ಬ ತೆರೆದು, ಮೊದಲ ತುಂಡನ್ನು ಬೊಮ್ಮಯ್ಯನ ಕೈಯಲ್ಲಿಟ್ಟಳು.

"ಹಾಗಾದರೆ ವರ್ಷಾ ವರ್ಷಾ ಇಲ್ಲಿಗೇ ತಂದುಕೊಡುತ್ತೇನೆ" ಎಂದಳು. "ಕೂ ಹಾಕುವುದಕ್ಕೆ ನನಗೂ ಕಲಿಸಿಕೊಡು."